ನಲವತ್ತು ವರ್ಷ ದಾಟಿದ ಹಾಯಿದೋಣಿ: ಕಲಬುರಗಿಯಲ್ಲಿ ಕುಳಿತವರು ಕೊಳ್ಳಬಹುದೇ?

ತೊಗರಿನಾಡಿನವ (ಕಲಬುರಗಿ)
ಎಲ್ಲರಿಗೂ ಶರಣು. ಹಳೆಯ ಹಾಯಿದೋಣಿಯೊಂದನ್ನು ಕೊಳ್ಳುವ ಮುನ್ನ ಏನೇನು ಪರೀಕ್ಷಿಸಬೇಕು, ಯಾವ ದೋಷ ಕಂಡರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಬೇಕು ಎಂಬ ವಿಷಯದಲ್ಲಿ ತಿಳಿದವರ ಸಲಹೆ ಬೇಕಾಗಿದೆ. ದೋಣಿ ಮುಂಬೈ ಬಂದರಿನಲ್ಲಿದೆ. 28 ಅಡಿ ಉದ್ದ, ಫೈಬರ್‌ಗ್ಲಾಸ್ ಒಡಲು, 1984ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದದ್ದು. ಎರಡು ಸಿಲಿಂಡರಿನ ಯಾನ್ಮಾರ್ ಡೀಸೆಲ್ ಎಂಜಿನ್ ಇದೆ, ಕ್ಯಾಬಿನ್ನಿನಲ್ಲಿ ನಾಲ್ವರು ಮಲಗಬಹುದು. ಮಾಲೀಕರು 11 ಲಕ್ಷ ಕೇಳುತ್ತಿದ್ದಾರೆ. ನಮ್ಮ ಶಕ್ತಿ ದುರಸ್ತಿಯೂ ಸೇರಿ 15 ಲಕ್ಷ.

ಬ್ಯಾಂಕ್ ನೌಕರಿಯಲ್ಲಿ ಮುಂಬೈಯಲ್ಲಿದ್ದಾಗ ನಾನು ಹಾಯಿ ನಡೆಸುವುದನ್ನು ಕಲಿತೆ. ಈಗ ನಿವೃತ್ತನಾಗಿದ್ದೇನೆ. ನವೆಂಬರಿನಿಂದ ಫೆಬ್ರುವರಿವರೆಗೆ ಮುರುಡ, ರತ್ನಾಗಿರಿ, ಮಾಲವಣ, ಗೋವಾ ಎಂದು ಕೊಂಕಣದ ದಂಡೆ ಹಿಡಿದು ನಿಧಾನವಾಗಿ ಸಾಗಬೇಕು, ಹೋಟೆಲಿನ ಖರ್ಚಿಲ್ಲದೆ ದೋಣಿಯಲ್ಲೇ ಇರಬೇಕು ಎಂಬುದು ನಮ್ಮಿಬ್ಬರ ಆಸೆ. ಸಾಗರ ದಾಟುವ ಉದ್ದೇಶವಿಲ್ಲ.

ಕೆಂಬಾಳೆ ಕಮಲಾಪುರ
ಮನೆಯವರು ನಿಜವಾಗಿಯೂ ಒಪ್ಪಿದ್ದಾರೆಯೇ ಎಂಬುದನ್ನು ಮೊದಲು ಸ್ಪಷ್ಟಪಡಿಸಿರಿ ಸರ್. ಉಳಿದ ಪರೀಕ್ಷೆಗಳೆಲ್ಲ ಆಮೇಲೆ.

ತೊಗರಿನಾಡಿನವ (ಕಲಬುರಗಿ)
ಒಪ್ಪಿದ್ದಾರೆ. ಶೌಚಾಲಯ ಸುಸ್ಥಿತಿಯಲ್ಲಿರಬೇಕು ಎಂಬುದು ಅವರ ಏಕೈಕ ಷರತ್ತು.

ರೆಸಿನ್ ಕೆಲಸದವ (ಹುಮನಾಬಾದ)
ಆಮ್ಲದ ಟ್ಯಾಂಕುಗಳಿಗೆ ಫೈಬರ್ ಲೈನಿಂಗ್ ಮಾಡುವುದು ನನ್ನ ಕಸುಬು. ಗೋವಾದಲ್ಲಿ ಕೆಲ ಕಾಲ ದೋಣಿಗಳ ಕೆಲಸವನ್ನೂ ಮಾಡಿದ್ದೇನೆ. ಆ ಕಾಲದ ಒಡಲುಗಳು ಸಾಮಾನ್ಯವಾಗಿ ಪಾಲಿಯೆಸ್ಟರ್ ರೆಸಿನ್ನಿನವು. ಹೊರಪದರವಾದ ಜೆಲ್‌ಕೋಟ್ ಮೂಲಕ ನೀರು ವರ್ಷಗಟ್ಟಲೆ ಅಣು ಅಣುವಾಗಿ ಒಳಗೆ ಇಳಿಯುತ್ತದೆ, ಅಲ್ಲಿ ಸರಿಯಾಗಿ ಗಟ್ಟಿಯಾಗದೆ ಉಳಿದ ರಾಸಾಯನಿಕಗಳನ್ನು ಕರಗಿಸಿಕೊಳ್ಳುತ್ತದೆ, ಆ ದ್ರಾವಣ ಮತ್ತಷ್ಟು ನೀರನ್ನು ಎಳೆದುಕೊಂಡು ಒತ್ತಡ ಹೆಚ್ಚಿ ಗುಳ್ಳೆ ಏಳುತ್ತದೆ. ಇದಕ್ಕೆ ಆಸ್ಮೋಸಿಸ್ ಎನ್ನುತ್ತಾರೆ. ಗುಳ್ಳೆಯನ್ನು ಚುಚ್ಚಿದರೆ ವಿನೆಗರ್ ವಾಸನೆಯ ದ್ರವ ಚಿಮ್ಮುತ್ತದೆ. ಕಣ್ಣಿಗೆ ಕನ್ನಡಕವಿಲ್ಲದೆ ಆ ಸಾಹಸ ಮಾಡಬೇಡಿರಿ.

ಆದರೆ ಎಲ್ಲರೂ ಈ ಗುಳ್ಳೆಗಳಿಗೇ ಹೆದರಿ ನಿಜವಾದ ಶತ್ರುವನ್ನು ಮರೆಯುತ್ತಾರೆ. ಗುಳ್ಳೆ ಎದ್ದ ಮಾತ್ರಕ್ಕೆ ದೋಣಿ ಮುಳುಗುವುದು ಅತಿ ವಿರಳ. ದುಡ್ಡು ನುಂಗುವುದು ಡೆಕ್, ಅಂದರೆ ದೋಣಿಯ ಮೇಲೆ ನಾವು ನಡೆದಾಡುವ ನೆಲ. ಹಳೆಯ ದೋಣಿಗಳ ಡೆಕ್ ಅನೇಕ ವೇಳೆ ಎರಡು ಫೈಬರ್ ಪದರಗಳ ನಡುವೆ ಬಾಲ್ಸಾ ಮರವನ್ನು ಇಟ್ಟು ಮಾಡಿದ್ದಾಗಿರುತ್ತದೆ. ಕಂಬಿ, ಹಗ್ಗ ಕಟ್ಟುವ ಕ್ಲೀಟ್, ಹಗ್ಗ ಎಳೆಯುವ ವಿಂಚ್‌ಗಳ ಬೋಲ್ಟುಗಳ ಸುತ್ತ ಹಾಕಿದ ಸೀಲಂಟ್ ಒಣಗಿದರೆ ಮಳೆನೀರು ಆ ಮರಕ್ಕೆ ಇಳಿಯುತ್ತದೆ, ಮೇಲ್ನೋಟಕ್ಕೆ ಹೊಳೆಯುವ ಡೆಕ್ಕಿನ ಒಳಗೆ ಮರ ಕೊಳೆತು ಹಿಂಡಿಯಾಗಿರುತ್ತದೆ. ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಅಂಗೈಯಗಲಕ್ಕೊಂದರಂತೆ ಇಡೀ ಡೆಕ್ಕನ್ನು ತಟ್ಟಿರಿ. ಒಳ್ಳೆಯ ಕಡೆ ‘ಟಕ್’ ಎಂಬ ಗಡಸು ಸದ್ದು ಬರುತ್ತದೆ, ಕೊಳೆತ ಕಡೆ ‘ದಬ್’ ಎನ್ನುತ್ತದೆ. ಬರಿಗಾಲಿನಲ್ಲಿ ನಡೆಯಿರಿ, ಎಲ್ಲಿ ಕಾಲಡಿ ಕುಸಿಯಿತೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿರಿ.

ಹತ್ತಿ ಜೇವರ್ಗಿ
ಇಷ್ಟೆಲ್ಲ ಯಾಕೆ? ಹಳೆಯ ಟ್ರ್ಯಾಕ್ಟರ್ ಕೊಳ್ಳುವಾಗ ನಾವು ಮೀಟರಿನ ತಾಸು ನೋಡುತ್ತೇವೆ, ಹೊಗೆ ನೋಡುತ್ತೇವೆ, ಬೆಲೆ ಮುರಿಯುತ್ತೇವೆ. ಎಂಜಿನ್ ಸರಿಯಿದ್ದರೆ ಉಳಿದದ್ದೆಲ್ಲ ಬಣ್ಣ ಬಳಿಯುವ ಕೆಲಸ.

ಎರಡನೇ ಎಂಜಿನಿಯರ್ (ಸೇಡಂ)
ಕಾಕಾ, ಟ್ರ್ಯಾಕ್ಟರಿನ ಲೆಕ್ಕ ಇಲ್ಲಿ ಅರ್ಧ ಮಾತ್ರ ನಡೆಯುತ್ತದೆ. ನಾನು ಸರಕು ಹಡಗುಗಳಲ್ಲಿ ಎಂಜಿನ್ ಕೋಣೆಯಲ್ಲಿ ದುಡಿಯುವವನು. ಟ್ರ್ಯಾಕ್ಟರ್ ಹೆಚ್ಚು ಓಡಿ ಸವೆಯುತ್ತದೆ, ಹಾಯಿದೋಣಿಯ ಎಂಜಿನ್ ಹೆಚ್ಚಾಗಿ ಓಡದೆಯೇ ಹಾಳಾಗುತ್ತದೆ. ಮೀಟರಿನಲ್ಲಿ ತಾಸು ಕಡಿಮೆ ಇದೆಯೆಂದು ಮಾರುವವರು ಹೆಮ್ಮೆಯಿಂದ ಹೇಳಿದರೆ ಅದು ನನಗೆ ಅನುಮಾನದ ಸಂಗತಿ.

ಈ ಎಂಜಿನ್ ಸಮುದ್ರದ ನೀರನ್ನೇ ನೇರವಾಗಿ ಬ್ಲಾಕಿನೊಳಗೆ ಹರಿಸಿ ತಂಪಾಗುವ ಬಗೆಯದೋ, ಅಥವಾ ಸಿಹಿನೀರು ಮತ್ತು ಹೀಟ್ ಎಕ್ಸ್‌ಚೇಂಜರ್ ಇರುವ ಬಗೆಯದೋ ಎಂದು ಮೊದಲು ಕೇಳಿರಿ. ನೇರ ಉಪ್ಪುನೀರಿನದಾದರೆ ಬ್ಲಾಕ್ ನಲವತ್ತು ವರ್ಷ ಒಳಗಿನಿಂದ ತುಕ್ಕು ತಿಂದಿದೆ ಎಂದೇ ಲೆಕ್ಕ ಹಿಡಿಯಿರಿ. ಸೈಲೆನ್ಸರಿಗೆ ಹೋಗುವ ದಾರಿಯಲ್ಲಿ ಹೊಗೆ ಮತ್ತು ನೀರು ಕೂಡುವ ಬಾಗಿದ ಕೊಳವೆಯನ್ನು ಬಿಚ್ಚಿಸಿ ನೋಡಿರಿ. ಮಸಿ ಮತ್ತು ಉಪ್ಪು ಕಟ್ಟಿಕೊಂಡು ಕಿರುಬೆರಳೂ ತೂರದಂತಾಗಿರುವುದು ಸಾಮಾನ್ಯ. ಎಣ್ಣೆ ಅಳೆಯುವ ಕಡ್ಡಿಯಲ್ಲಿ ಹಾಲಿನ ಬಣ್ಣ ಕಂಡರೆ ಎಣ್ಣೆಯೊಳಗೆ ನೀರು ಸೇರಿದೆ. ನೀಲಿ ಹೊಗೆ ನಿಲ್ಲದೆ ಬಂದರೆ ಎಣ್ಣೆ ಸುಡುತ್ತಿದೆ, ಕಪ್ಪು ಹೊಗೆಯಾದರೆ ಗಾಳಿ ಸಾಲದು ಅಥವಾ ಪ್ರೊಪೆಲ್ಲರಿಗೆ ಚಿಪ್ಪು ಹತ್ತಿ ಭಾರವಾಗಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಎಂಜಿನ್ ಪೂರ್ತಿ ತಣ್ಣಗಿರುವಾಗ ನಿಮ್ಮ ಎದುರಿನಲ್ಲೇ ಶುರುವಾಗಬೇಕು. ದೋಣಿ ಹತ್ತಿದ ಕೂಡಲೇ ಬ್ಲಾಕಿನ ಮೇಲೆ ಕೈಯಿಟ್ಟು ನೋಡಿರಿ.

ಹತ್ತಿ ಜೇವರ್ಗಿ
ತಣ್ಣಗಿರುವಾಗ ಶುರು ಮಾಡಿಸುವುದು ಟ್ರ್ಯಾಕ್ಟರಿಗೂ ಇರುವ ನಿಯಮವೇ ತಮ್ಮಾ. ನಾನು ಹೇಳಿದ್ದರಲ್ಲಿ ತಪ್ಪೇನಿದೆ?

ನಿವೃತ್ತ ಸಾರ್ಜೆಂಟ್ (ಬೀದರ್)
ಎಂಜಿನ್ ಕೆಟ್ಟರೆ ಹಾಯಿ ಇದೆ. ಹಾಯಿ ಹೊರುವ ಕಂಬವಾದ ಮಾಸ್ಟ್ ಬಿದ್ದರೆ ಅದೇ ಮಾಸ್ಟ್ ತುಂಡಾಗಿ ಒಡಲಿಗೆ ಗುದ್ದುತ್ತದೆ, ಅದನ್ನು ಬಿಗಿದು ನಿಲ್ಲಿಸಿರುವ ತಂತಿ ಪ್ರೊಪೆಲ್ಲರಿಗೆ ಸುತ್ತಿಕೊಂಡು ಎಂಜಿನ್ನೂ ಕೆಲಸಕ್ಕೆ ಬಾರದಂತಾಗುತ್ತದೆ. ಆದ್ದರಿಂದ ಮೊದಲ ಪ್ರಶ್ನೆ ತಂತಿಗಳ ವಯಸ್ಸಿನದ್ದಾಗಿರಬೇಕು ಎಂಬುದು ನನ್ನ ಅಭಿಪ್ರಾಯ.

ವಾಯುಪಡೆಯಲ್ಲಿ ವಿಮಾನದ ಕಂಟ್ರೋಲ್ ಕೇಬಲ್ಲುಗಳನ್ನು ಬಟ್ಟೆಯಿಂದ ಒರೆಸಿ ಪರೀಕ್ಷಿಸುತ್ತಿದ್ದೆವು. ಒಂದೇ ಎಳೆ ತುಂಡಾಗಿದ್ದರೂ ಬಟ್ಟೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಯಿದೋಣಿಯ ತಂತಿಗೂ ಇದೇ ಉಪಾಯ ನಡೆಯುತ್ತದೆ, ಬರಿಗೈ ಮಾತ್ರ ಬೇಡ. ಸ್ಟೇನ್‌ಲೆಸ್ ತಂತಿ ಹೊರಗೆ ಹೊಳೆಯುತ್ತಿದ್ದರೂ ಕೆಳತುದಿಯ ಒತ್ತುಜೋಡಣೆಯೊಳಗೆ ನೀರು ನಿಂತು ಸೀಳು ಬಿಡುತ್ತದೆ. ಕೂದಲೆಳೆಯಂಥ ಆ ಸೀಳನ್ನು ಭೂತಗನ್ನಡಿಯಲ್ಲಿ ಹುಡುಕಬೇಕು. ಹತ್ತರಿಂದ ಹದಿನೈದು ವರ್ಷಕ್ಕೆ ತಂತಿಗಳನ್ನೆಲ್ಲ ಬದಲಿಸುವುದು ರೂಢಿ. ಬದಲಿಸಿದ್ದಕ್ಕೆ ಬಿಲ್ಲು ತೋರಿಸದಿದ್ದರೆ ಬದಲಿಸಿಲ್ಲ ಎಂದೇ ಭಾವಿಸಿರಿ.

ಗಿರಣಿ ಮೆಂಟೆನೆನ್ಸ್ (ವಾಡಿ)
ಸಾರ್ಜೆಂಟ್ ಸಾಹೇಬರು ತಂತಿಯ ಬಗ್ಗೆ ಹೇಳಿದ್ದು ಸರಿಯಾಗಿದೆ, ಆದರೆ ಆ ತಂತಿ ಒಡಲಿಗೆ ಕಚ್ಚಿಕೊಂಡಿರುವ ಚೈನ್‌ಪ್ಲೇಟ್ ಎಂಬ ಪಟ್ಟಿಯನ್ನು ಬಿಟ್ಟರು. ಸ್ಟೇನ್‌ಲೆಸ್ ಉಕ್ಕಿಗೆ ತುಕ್ಕು ಹಿಡಿಯುವುದಿಲ್ಲ ಎಂಬುದು ಗಾಳಿ ಆಡುವ ಕಡೆಗೆ ಮಾತ್ರ ಸತ್ಯ. ಅದರ ಮೇಲಿರುವ ರಕ್ಷಾಪದರ ಉಳಿಯಲು ಆಮ್ಲಜನಕ ಬೇಕು. ಡೆಕ್ಕನ್ನು ತೂರಿ ಹೋಗುವ ಇಕ್ಕಟ್ಟಿನಲ್ಲಿ ಉಪ್ಪುನೀರು ನಿಂತು ಗಾಳಿ ಸಿಗದಿದ್ದರೆ, ಕಣ್ಣಿಗೆ ಕಾಣದ ಆ ಒಂದಿಂಚಿನಲ್ಲಿಯೇ ಲೋಹ ತೂತು ಬೀಳುತ್ತದೆ. ನಮ್ಮ ಸಿಮೆಂಟ್ ಕಾರ್ಖಾನೆಯಲ್ಲಿ ಶಾಫ್ಟುಗಳಿಗೆ ಬಳಸುವ ಕೆಂಪು ಡೈ ಪೆನೆಟ್ರಂಟ್ ಸ್ಪ್ರೇ ಪೇಟೆಯಲ್ಲಿ ಸಿಗುತ್ತದೆ. ಒಂದು ಪಟ್ಟಿಯನ್ನಾದರೂ ಹೊರಗೆ ಎಳೆಸಿ, ತೊಳೆದು, ಡೈ ಹಾಕಿ, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿರಿ. ಸೀಳಿದ್ದರೆ ಕೆಂಪು ಗೆರೆಯಾಗಿ ಎದ್ದು ಕಾಣುತ್ತದೆ.

ಮಾರುವವರು ಎಳೆಯಲು ಬಿಡುವುದಿಲ್ಲ ಎಂದರೆ ಅದೂ ಒಂದು ಉತ್ತರವೇ.

ಬಿದರಿ ಕುಸುರಿ (ಬೀದರ್)
ಮನೆಯವರ ಷರತ್ತನ್ನು ಎಲ್ಲರೂ ನಗೆಯಲ್ಲಿ ತೇಲಿಸಿಬಿಟ್ಟಿದ್ದೀರಿ. ಲಂಗರಿನಲ್ಲಿ ನಿಂತಲ್ಲೇ ಮುಳುಗುವ ದೋಣಿಗಳ ಕಥೆ ಬಹಳ ಸಲ ಶೌಚಾಲಯದ ಕೊಳವೆಯಿಂದಲೇ ಶುರುವಾಗುತ್ತದೆ. ಅದರ ಪಾತ್ರೆ ನೀರಿನ ಮಟ್ಟಕ್ಕಿಂತ ಕೆಳಗಿರುವುದರಿಂದ, ಕೊಳವೆಯನ್ನು ಮೇಲಕ್ಕೆ ಬಾಗಿಸಿ ತುದಿಯಲ್ಲಿ ಗಾಳಿ ಕವಾಟ ಕೊಡದಿದ್ದರೆ ಸೈಫನ್ ಆಗಿ ಸಮುದ್ರವೇ ಒಳಗೆ ಬರುತ್ತದೆ. ಒಡಲಿನಲ್ಲಿ ಒಂದೂವರೆ ಇಂಚಿನ ತೂತು ಎರಡು ಅಡಿ ನೀರಿನ ಕೆಳಗೆ ತೆರೆದುಕೊಂಡರೆ ನಿಮಿಷಕ್ಕೆ ನೂರು ಲೀಟರಿಗೂ ಹೆಚ್ಚು ನೀರು ನುಗ್ಗುತ್ತದೆ.

ನೀರು ಒಳಗೆ ಹೊರಗೆ ಹೋಗಲೆಂದು ಒಡಲಿನಲ್ಲಿ ಇಟ್ಟಿರುವ ಅಂಥ ತೂತುಗಳನ್ನು ಮುಚ್ಚುವ ಸೀಕಾಕ್ ಕವಾಟಗಳನ್ನು ಒಂದೊಂದಾಗಿ ತಿರುಗಿಸಿ ನೋಡಿರಿ. ಬಳಿಕ ಚಾಕುವಿನ ತುದಿಯಿಂದ ಲೋಹವನ್ನು ತುಸು ಕೆರೆಯಿರಿ. ಹಳದಿ ಹೊಳಪು ಬಂದರೆ ಒಳ್ಳೆಯದು. ಗುಲಾಬಿ ಬಣ್ಣ ಕಂಡರೆ ಹಿತ್ತಾಳೆಯೊಳಗಿನ ಸತುವೆಲ್ಲ ಉಪ್ಪುನೀರಿಗೆ ಕರಗಿ ಹೋಗಿ ಬರಿಯ ತಾಮ್ರದ ಜೊಳ್ಳು ಉಳಿದಿದೆ ಎಂದರ್ಥ, ಒಂದು ಪೆಟ್ಟಿಗೆ ಮುರಿಯುತ್ತದೆ. ಸತುವಿನೊಡನೆಯೇ ದಿನವಿಡೀ ಬದುಕುವ ನಮ್ಮ ಬಿದರಿ ಕೆಲಸದವರ ಮಾತು ನಂಬಿರಿ. ಹಾಗೆಯೇ ಪ್ರೊಪೆಲ್ಲರಿನ ಬದಲು ತಾನು ಸವೆಯಲೆಂದು ಶಾಫ್ಟಿಗೆ ಕಟ್ಟಿದ ಸತುವಿನ ಗಟ್ಟಿ ಅರ್ಧ ಸವೆದಿದ್ದರೆ ಸಂತೋಷಪಡಿರಿ. ವರ್ಷವಾದರೂ ಹೊಸದರಂತೆಯೇ ಇದ್ದರೆ ಅದಕ್ಕೆ ವಿದ್ಯುತ್ ಸಂಪರ್ಕವೇ ಸಿಕ್ಕಿಲ್ಲ, ಅದರ ಬದಲು ಪ್ರೊಪೆಲ್ಲರ್ ಸವೆಯುತ್ತಿದೆ.

ಕೆಂಬಾಳೆ ಕಮಲಾಪುರ
ಅಂತೂ ಈ ಚರ್ಚೆಯಲ್ಲಿ ಮೊದಲು ಸರಿಯಾದ ಪ್ರಶ್ನೆ ಕೇಳಿದವರು ಶೌಚಾಲಯದ ಷರತ್ತು ಹಾಕಿದ ಅಕ್ಕಾವರೇ ಆದರು.

ಹರಿಗೋಲು (ಸುರಪುರ)
ಯಾದಗಿರಿ ಜಿಲ್ಲೆಯವನಾದ ನನಗೆ ಕೃಷ್ಣೆಯ ಹರಿಗೋಲು ಬಿಟ್ಟರೆ ಬೇರೆ ದೋಣಿ ಗೊತ್ತಿಲ್ಲ. ಆದರೂ ಕೇಳುತ್ತೇನೆ: ಇಷ್ಟು ಹಳೆಯ ದೋಣಿಯಲ್ಲಿ ಸಮುದ್ರಕ್ಕೆ ಇಳಿಯುವುದೇ ಅಪಾಯವಲ್ಲವೇ? ಹೊಸದನ್ನೇ ಸಣ್ಣದಾಗಿ ಕೊಳ್ಳಬಾರದೇ?

ನಿವೃತ್ತ ಸಾರ್ಜೆಂಟ್ (ಬೀದರ್)
ವಯಸ್ಸೊಂದೇ ಅಪಾಯವಲ್ಲ. ಒಬ್ಬರೇ ಭೂಮಿಯನ್ನು ಸುತ್ತುವ ಗೋಲ್ಡನ್ ಗ್ಲೋಬ್ ಹಾಯಿದೋಣಿ ಪಂದ್ಯದ ನಿಯಮವೇ 1988ಕ್ಕಿಂತ ಹಿಂದಿನ ವಿನ್ಯಾಸದ, 32ರಿಂದ 36 ಅಡಿಯ ದೋಣಿಗಳು ಎಂದಿದೆ. ನಮ್ಮ ನೌಕಾಪಡೆಯ ನಿವೃತ್ತ ಕಮಾಂಡರ್ ಅಭಿಲಾಷ್ ಟಾಮಿ ಅವರು ರಸ್ಲರ್ 36 ಎಂಬ ಅಂಥದೇ ದೋಣಿಯಲ್ಲಿ ಒಬ್ಬರೇ ಭೂಮಿಯನ್ನು ಸುತ್ತಿ 2023ರ ಏಪ್ರಿಲಿನಲ್ಲಿ ಎರಡನೆಯವರಾಗಿ ಮುಗಿಸಿದರು.

ಗಿರಣಿ ಮೆಂಟೆನೆನ್ಸ್ (ವಾಡಿ)
ಆ ದೋಣಿಯನ್ನು ಪಂದ್ಯಕ್ಕೆ ಮೊದಲು ಬುಡದಿಂದ ಸಜ್ಜುಗೊಳಿಸಿದ್ದರು, ಮಾರಾಟಕ್ಕಿದ್ದ ಸ್ಥಿತಿಯಲ್ಲೇ ಹೊರಟಿರಲಿಲ್ಲ. ಇನ್ನೊಂದು ಕಡೆ ನೋಡಿದರೆ, 2018ರ ಇದೇ ಪಂದ್ಯದಲ್ಲಿ ಟಾಮಿ ಅವರ ಮಾಸ್ಟ್ ಮುರಿದು ಬೆನ್ನಿಗೆ ಪೆಟ್ಟಾದದ್ದು ಗೋವಾದಲ್ಲಿ ಹೊಸದಾಗಿ ಕಟ್ಟಿದ ‘ತುರಿಯಾ’ ದೋಣಿಯಲ್ಲಿ. ಹೊಸದು ಹಳೆಯದು ಎಂಬ ವಾದದಿಂದ ಏನೂ ಇತ್ಯರ್ಥವಾಗುವುದಿಲ್ಲ. ಪ್ರತಿ ಭಾಗವನ್ನು ಕೊನೆಯದಾಗಿ ಯಾವ ವರ್ಷ ಬದಲಿಸಿದರು ಎಂಬ ಪಟ್ಟಿಯೇ ಆ ದೋಣಿಯ ನಿಜವಾದ ಜಾತಕ.

ಹೈಕೋರ್ಟ್ ಪೀಠ (ಕಲಬುರಗಿ)
ವಕೀಲನಾಗಿ ಕಾಗದಪತ್ರದ ಮಾತು ಆಡುತ್ತೇನೆ, ಬೇಸರಪಡಬೇಡಿರಿ. ದೋಣಿ ವಿದೇಶದಲ್ಲಿ ತಯಾರಾಗಿದ್ದರಿಂದ, ಅದು ಭಾರತಕ್ಕೆ ಬಂದಾಗ ಕಸ್ಟಮ್ಸ್ ಸುಂಕ ಕಟ್ಟಿದ ಬಿಲ್ ಆಫ್ ಎಂಟ್ರಿ ಇದೆಯೇ ಎಂಬುದು ನನ್ನ ಮೊದಲ ಪ್ರಶ್ನೆ. ಸುಂಕ ಕಟ್ಟದೆ ಪ್ರವಾಸಿಯೊಬ್ಬರು ಬಿಟ್ಟುಹೋದ ದೋಣಿ ಕೈಯಿಂದ ಕೈಗೆ ಬಂದಿದ್ದರೆ, ಅಗ್ಗದ ಬೆಲೆಯ ಹಿಂದೆ ಆ ಬಾಕಿಯೇ ಅಡಗಿರಬಹುದು. ಹಿಂದೆ ಬ್ರಿಟಿಷ್ ರಿಜಿಸ್ಟರಿನಲ್ಲಿತ್ತೇ ಎಂಬುದನ್ನೂ ನೋಡಿರಿ. ಅಲ್ಲಿ ನೌಕೆಯ ಒಡೆತನವನ್ನು 64 ಪಾಲುಗಳಾಗಿ ಲೆಕ್ಕ ಹಾಕುವ ಪದ್ಧತಿ ಇರುವುದರಿಂದ ಎಲ್ಲ ಪಾಲುದಾರರೂ ಸಹಿ ಮಾಡಿದ್ದಾರೆಯೇ, ಅಡಮಾನ ತೀರಿದೆಯೇ ಎಂಬುದು ಖಚಿತವಾಗಬೇಕು. 1984ರಿಂದ ಇಂದಿನವರೆಗಿನ ಮಾರಾಟಪತ್ರಗಳ ಸರಪಳಿಯಲ್ಲಿ ಕೊಂಡಿ ತಪ್ಪಿರಬಾರದು.

ಇನ್ನೊಂದು ಎಚ್ಚರಿಕೆ. ವಿದೇಶಿ ನಾವಿಕರು ಬಿಟ್ಟುಹೋದ ಸಾಮಾನುಗಳಲ್ಲಿ ತುರಾಯಾ ಅಥವಾ ಇರಿಡಿಯಂ ಉಪಗ್ರಹ ಫೋನ್ ಇದ್ದರೆ, ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ನಮ್ಮಲ್ಲಿ ಅಪರಾಧ. ವಿಎಚ್‌ಎಫ್ ರೇಡಿಯೊಗೂ ದೂರಸಂಪರ್ಕ ಇಲಾಖೆಯ ಪರವಾನಗಿ ಬೇಕು.

ಎರಡನೇ ಎಂಜಿನಿಯರ್ (ಸೇಡಂ)
ಎಲ್ಲರೂ ದೋಣಿಯನ್ನು ಬಿಚ್ಚಿ ನೋಡುತ್ತಿದ್ದೇವೆ; ಅದು ಎಲ್ಲಿರುತ್ತದೆ ಎಂದು ಒಬ್ಬರೂ ಕೇಳಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ನೈರುತ್ಯ ಮಾರುತದ ಅಬ್ಬರದಲ್ಲಿ ಪಶ್ಚಿಮ ಕರಾವಳಿಯಲ್ಲಿ ಇಂಥ ದೋಣಿಗಳು ನೀರಿನಲ್ಲಿ ಇರುವಂತಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧವಿರುತ್ತದೆ. ಮುಂಬೈಯವರು ಮೇ ತಿಂಗಳಲ್ಲಿ ಕ್ರೇನಿನಿಂದ ದೋಣಿ ಎತ್ತಿಸಿ ದಡದಲ್ಲಿಟ್ಟು, ಮಳೆ ಕಳೆದ ಮೇಲೆ ಮತ್ತೆ ಇಳಿಸುತ್ತಾರೆ. ಕ್ರೇನು, ದಡದ ಬಾಡಿಗೆ, ಕಾವಲು, ಪಾಚಿ, ಚಿಪ್ಪು ಹತ್ತದಂತೆ ತಳಕ್ಕೆ ಬಳಿಯುವ ಆ್ಯಂಟಿಫೌಲಿಂಗ್ ಬಣ್ಣ ಇವೆಲ್ಲ ಪ್ರತಿವರ್ಷದ ಖರ್ಚುಗಳು. ದೋಣಿ 11 ಲಕ್ಷದ್ದಾದರೂ ಅಷ್ಟೇ, ಪುಕ್ಕಟೆ ಸಿಕ್ಕರೂ ಅಷ್ಟೇ. ಮಾಲೀಕರು ಕಲಬುರಗಿಯಲ್ಲಿದ್ದರೆ, ದೋಣಿಯ ಒಳತಳವಾದ ಬಿಲ್ಜಿನಲ್ಲಿ ನೀರು ಏರಿತೇ, ಲಂಗರಿನ ಹಗ್ಗ ಸವೆಯಿತೇ ಎಂದು ವಾರಕ್ಕೊಮ್ಮೆ ಹತ್ತಿ ನೋಡುವ ಮನುಷ್ಯನಿಗೂ ಸಂಬಳ ಕೊಡಬೇಕು. ಆ ಮನುಷ್ಯ ಸಿಗದಿದ್ದರೆ ದೋಣಿ ಎಷ್ಟೇ ಒಳ್ಳೆಯದಿದ್ದರೂ ಕೊಳ್ಳಬೇಡಿರಿ.

ಹತ್ತಿ ಜೇವರ್ಗಿ
ಹಾಗಾದರೆ ನಮ್ಮ ರಾಜ್ಯದ ಕಾರವಾರದಲ್ಲೇ ಇಡಲಿ. ಮುಂಬೈಯವರಿಗೆ ಬಾಡಿಗೆ ಯಾಕೆ ಕೊಡಬೇಕು?

ಎರಡನೇ ಎಂಜಿನಿಯರ್ (ಸೇಡಂ)
ಕಾರವಾರದ ಕೊಲ್ಲಿ ಸೊಗಸಾಗಿದೆ ಕಾಕಾ, ಆದರೆ ಅಲ್ಲಿರುವುದು ವಾಣಿಜ್ಯ ಬಂದರು, ಮೀನುಗಾರಿಕೆ ಬಂದರು ಮತ್ತು ನೌಕಾನೆಲೆ. ವಿಹಾರದೋಣಿಗಳಿಗೆಂದೇ ಇರುವ ಮರೀನಾ ಬೇಕೆಂದರೆ ಕೊಚ್ಚಿಯ ಬೋಳ್ಗಾಟಿ ದ್ವೀಪಕ್ಕೆ ಹೋಗಬೇಕು. ಅಷ್ಟು ದೂರ ಹೋಗುವ ಬದಲು, ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ನೇರವಾಗಿ ತಲುಪುವ ಮುಂಬೈಯೇ ಕಲಬುರಗಿಯವರಿಗೆ ಸಲೀಸು.

ರೆಸಿನ್ ಕೆಲಸದವ (ಹುಮನಾಬಾದ)
ಮಾರ್ಗದ ಬಗ್ಗೆಯೂ ಒಂದು ಮಾತು. ಚಳಿಗಾಲದಲ್ಲಿ ಬೆಳಿಗ್ಗೆ ನೆಲದ ಗಾಳಿ, ಮಧ್ಯಾಹ್ನದ ಮೇಲೆ ವಾಯುವ್ಯದಿಂದ ಕಡಲಗಾಳಿ. ಗೋವಾ ಕಡೆಗೆ ಇಳಿಯುವಾಗ ಅದು ಬೆನ್ನಿಗಿರುತ್ತದೆ, ಮರಳುವಾಗ ಎದೆಗೆ ಹೊಡೆಯುತ್ತದೆ. ಆದ್ದರಿಂದ ಹಾಯಿಗಳ ಸ್ಥಿತಿಯನ್ನು ಮರಳುವ ದಾರಿಯ ಲೆಕ್ಕದಲ್ಲಿ ಅಳೆಯಿರಿ. ಜೋತುಬಿದ್ದ ಹಳೆಯ ಹಾಯಿ ಗಾಳಿಗೆ ಎದುರಾಗಿ ಏರಲಾರದು. ಹೊಲಿಗೆಯ ದಾರವನ್ನು ಉಗುರಿನಿಂದ ಎಳೆದಾಗ ಪುಡಿಯಾದರೆ ಬಿಸಿಲು ಅದನ್ನು ತಿಂದಿದೆ.

ನೀರಿನ ಮಟ್ಟದಲ್ಲಿ 23 ಅಡಿ ಉದ್ದವಿದೆ ಎಂದುಕೊಂಡರೆ ಆ ದೋಣಿಯ ಗರಿಷ್ಠ ವೇಗ 6.4 ನಾಟ್‌ನ, ಅಂದರೆ ತಾಸಿಗೆ 6.4 ನಾಟಿಕಲ್ ಮೈಲಿನ ಆಸುಪಾಸು, ಸರಾಸರಿ ನಾಲ್ಕೈದು. ಮುಂಬೈಯಿಂದ ಸುಮಾರು 40 ನಾಟಿಕಲ್ ಮೈಲು ದೂರದ ಮುರುಡಕ್ಕೆ ಹಗಲೆಲ್ಲ ಬೇಕು. ಕತ್ತಲೆಯಲ್ಲಿ ಮೀನುಬಲೆಗಳು ಕಾಣುವುದಿಲ್ಲ, ಆದ್ದರಿಂದ ದಾಭೋಳ, ಜಯಗಡದಂಥ ಕಡೆ ನಿಲ್ಲುತ್ತಾ ಹಗಲಿನಲ್ಲೇ ಸಾಗಿರಿ.

ತೊಗರಿನಾಡಿನವ (ಕಲಬುರಗಿ)
ಮುಂಬೈಗೆ ಹೋಗಿ ನೋಡಿ ಬಂದೆ. ನಿಮ್ಮೆಲ್ಲರ ಸಲಹೆಗಳನ್ನು ಬರೆದುಕೊಂಡು ಹೋಗಿದ್ದರಿಂದ ಮಾಲೀಕರು ನನ್ನನ್ನು ದೋಣಿ ಪರೀಕ್ಷಿಸುವ ಸರ್ವೇಯರ್ ಎಂದೇ ಭಾವಿಸಿದರು. ಕಂಡದ್ದು ಇಷ್ಟು. ಮಾಸ್ಟಿನ ಬುಡದ ಎಡಗಡೆ ಎರಡು ಅಂಗೈ ಅಗಲದಷ್ಟು ಡೆಕ್ ‘ದಬ್’ ಎನ್ನುತ್ತದೆ. ಶೌಚಾಲಯದ ಸೀಕಾಕ್ ಹಿಡಿ ಅಲುಗಲೇ ಇಲ್ಲ. ಕೆರೆದಾಗ ಲೋಹ ಹಳದಿಯಾಗಿಯೇ ಇತ್ತು. ತಂತಿಗಳನ್ನು ಬದಲಿಸಿದ 2016ರ ಬಿಲ್ಲು ಇದೆ, ಚೈನ್‌ಪ್ಲೇಟ್ ಬಿಚ್ಚಲು ಒಪ್ಪಿಲ್ಲ. ಬಿಲ್ ಆಫ್ ಎಂಟ್ರಿ ಇದೆ, ಆದರೆ ನಡುವಿನ ಒಂದು ಮಾರಾಟಪತ್ರ ಸಿಗುತ್ತಿಲ್ಲ. ಎಂಜಿನ್ ಮೊದಲ ತಿರುವಿಗೇ ಶುರುವಾಯಿತು. ನಾನು ಹತ್ತಿದಾಗ ಬ್ಲಾಕ್ ಬೆಚ್ಚಗಿತ್ತು.

ಎರಡನೇ ಎಂಜಿನಿಯರ್ (ಸೇಡಂ)
ಬೆಚ್ಚಗಿತ್ತೇ! ಬ್ಯಾಟರಿ ಚಾರ್ಜ್ ಮಾಡಲು ಓಡಿಸಿದೆ ಎಂದು ಹೇಳಿರಬೇಕಲ್ಲವೇ?

ತೊಗರಿನಾಡಿನವ (ಕಲಬುರಗಿ)
ಅಕ್ಷರಶಃ ಅದನ್ನೇ ಹೇಳಿದರು.

ನಿವೃತ್ತ ಸಾರ್ಜೆಂಟ್ (ಬೀದರ್)
ನಿಜವೂ ಇರಬಹುದು, ಒಬ್ಬರ ಮೇಲೆ ಸುಮ್ಮನೆ ಆರೋಪ ಬೇಡ. ಇನ್ನೊಮ್ಮೆ ಬೆಳಗಿನ ಜಾವ ಹೋಗಿರಿ, ಅಷ್ಟೇ. ತಂತಿಗಳಿಗೆ ಇನ್ನು ಕೆಲವೇ ವರ್ಷಗಳ ಆಯುಸ್ಸು ಉಳಿದಿರುವುದರಿಂದ ಅವುಗಳ ಬದಲಾವಣೆಯ ಅರ್ಧ ವೆಚ್ಚವನ್ನಾದರೂ ಬೆಲೆಯಿಂದ ಕಳೆಯಬೇಕು.

ಗಿರಣಿ ಮೆಂಟೆನೆನ್ಸ್ (ವಾಡಿ)
ಅರ್ಧ ಸಾಲದು, ಪೂರ್ತಿ ಕಳೆಯಿರಿ. ಎಂಜಿನ್, ತಂತಿಗಳು, ಹಾಯಿಗಳು ಈ ಮೂರರಲ್ಲಿ ಎರಡು ಮುದಿಯಾಗಿದ್ದರೆ ನೀವು ಕೊಳ್ಳುತ್ತಿರುವುದು ಬರಿಯ ಒಡಲನ್ನು, ಅದಕ್ಕೆ 11 ಲಕ್ಷ ಯಾರು ಕೊಡುತ್ತಾರೆ? ನನ್ನ ಲೆಕ್ಕದಲ್ಲಿ 6 ಲಕ್ಷದ ಮೇಲೆ ಒಂದು ರೂಪಾಯಿಯೂ ಬೇಡ. ಉಳಿದ 9 ಲಕ್ಷದಲ್ಲಿ ಡೆಕ್, ಕವಾಟಗಳು, ತಂತಿ, ಒಂದು ವರ್ಷದ ದಡದ ಬಾಡಿಗೆ ಇಷ್ಟನ್ನೂ ನೀಗಿಸಬೇಕಾಗಿದೆ.

ಹತ್ತಿ ಜೇವರ್ಗಿ
5ರಿಂದ ಶುರು ಮಾಡಿರಿ. 6 ಎಂದು ನಾವಾಗಿಯೇ ಯಾಕೆ ಹೇಳಬೇಕು?

ರೆಸಿನ್ ಕೆಲಸದವ (ಹುಮನಾಬಾದ)
ಡೆಕ್ ಎರಡು ಅಂಗೈ ಮಾತ್ರ ಎಂದರೆ ಹೆದರಬೇಕಿಲ್ಲ. ಮೇಲಿನ ಪದರ ಕತ್ತರಿಸಿ, ಕೊಳೆತದ್ದನ್ನು ತೆಗೆದು, ಹೊಸ ಮರ ಕೂರಿಸಿ ಎಪಾಕ್ಸಿಯಿಂದ ಮುಚ್ಚಬಹುದು. ಮಾಸ್ಟಿನ ಬುಡಕ್ಕೇ ಹರಡಿದ್ದರೆ ಮಾತ್ರ ಬೇರೆ ಕಥೆ, ಆ ಭಾರವೆಲ್ಲ ಅಲ್ಲೇ ಇಳಿಯುತ್ತದೆ. ನನ್ನ ಸಲಹೆ ಒಂದಿದೆ. ಈಗ ಫೆಬ್ರುವರಿ. ಹೇಗೂ ಮೇ ತಿಂಗಳಲ್ಲಿ ಮಾಲೀಕರು ತಮ್ಮ ಖರ್ಚಿನಲ್ಲಿ ದೋಣಿಯನ್ನು ಎತ್ತಿಸಲೇಬೇಕು. ಅಂತಿಮ ಮಾತನ್ನು ಆ ದಿನಕ್ಕೆ ಇಟ್ಟುಕೊಳ್ಳಿರಿ. ನೀರಿನಿಂದ ಮೇಲೆ ಬಂದ ಕೂಡಲೇ ಗುಳ್ಳೆಗಳು ಚೆನ್ನಾಗಿ ಕಾಣುತ್ತವೆ, ಒಣಗುತ್ತಾ ಹೋದಂತೆ ಇಳಿದುಬಿಡುತ್ತವೆ. ತಳದಲ್ಲಿ ಭಾರಕ್ಕಾಗಿ ಇರುವ ಕೀಲ್ ಮತ್ತು ಒಡಲು ಕೂಡುವ ಗೆರೆಯಲ್ಲಿ ತುಕ್ಕಿನ ನೀರು ಒಸರುತ್ತಿದ್ದರೆ ಅದೂ ಆಗಲೇ ಗೊತ್ತಾಗುತ್ತದೆ.

ಹೈಕೋರ್ಟ್ ಪೀಠ (ಕಲಬುರಗಿ)
ಅಲ್ಲಿಯವರೆಗೆ ಮುಂಗಡ ಕೇಳಿದರೆ, ಸರ್ವೆಯ ಫಲಿತಾಂಶ ಒಪ್ಪಿಗೆಯಾಗದಿದ್ದರೆ ಹಾಗೂ ಕಳೆದುಹೋದ ಮಾರಾಟಪತ್ರ ಸಿಗದಿದ್ದರೆ ಪೂರ್ತಿ ಹಣ ಹಿಂತಿರುಗಿಸತಕ್ಕದ್ದು ಎಂಬ ಎರಡೂ ಷರತ್ತುಗಳನ್ನು ಬರವಣಿಗೆಯಲ್ಲಿ ಪಡೆದೇ ಕೊಡಿರಿ. ಮಾತಿನ ಮೇಲೆ ಒಂದು ಪೈಸೆಯೂ ಬೇಡ.

ತೊಗರಿನಾಡಿನವ (ಕಲಬುರಗಿ)
ಮಾಲೀಕರಿಗೆ ದೂರವಾಣಿ ಮಾಡಿದೆ. ಮೇ ತಿಂಗಳವರೆಗೆ ಕಾಯಲು ಒಪ್ಪಿದ್ದಾರೆ, ಕ್ರೇನಿನ ದಿನ ನಮ್ಮ ಸರ್ವೇಯರ್ ಬರಬಹುದು ಎಂದಿದ್ದಾರೆ. ಬೆಲೆ 9ಕ್ಕೆ ಇಳಿದಿದೆ. ಚೈನ್‌ಪ್ಲೇಟ್ ವಿಷಯದಲ್ಲಿ ಇನ್ನೂ ಹಟ ಬಿಟ್ಟಿಲ್ಲ. ವಾರಕ್ಕೊಮ್ಮೆ ದೋಣಿ ನೋಡಿಕೊಳ್ಳುವ ಹುಡುಗ ಈಗಲೂ ಅಲ್ಲಿದ್ದಾನೆ, ಅವನೊಡನೆ ನಾನು ಪ್ರತ್ಯೇಕವಾಗಿ ಮಾತನಾಡಿದ್ದೇನೆ.

ಗಿರಣಿ ಮೆಂಟೆನೆನ್ಸ್ (ವಾಡಿ)
ಆ ಹುಡುಗನನ್ನೇ ಕೇಳಿರಿ, ಬಿಲ್ಜ್ ಪಂಪು ದಿನಕ್ಕೆ ಎಷ್ಟು ಸಲ ಓಡುತ್ತದೆ ಎಂದು. ಮಾಲೀಕರಿಗಿಂತ ಅವನಿಗೆ ಹೆಚ್ಚು ಗೊತ್ತಿರುತ್ತದೆ.

ರೆಸಿನ್ ಕೆಲಸದವ (ಹುಮನಾಬಾದ)
ಕ್ರೇನಿನ ದಿನಾಂಕ ಗೊತ್ತಾದ ಕೂಡಲೇ ತಿಳಿಸಿರಿ ಸರ್, ಸಾಧ್ಯವಾದರೆ ನಾನೂ ಬರುತ್ತೇನೆ. ತಳದ ಪಾಚಿ, ಚಿಪ್ಪುಗಳನ್ನು ನೀರಿನಿಂದ ತೊಳೆಯಲಿ, ಅಡ್ಡಿಯಿಲ್ಲ. ಆದರೆ ನಾವು ನೋಡುವ ಮೊದಲು ಯಾರೂ ಹೊಸ ಬಣ್ಣದ ಡಬ್ಬಿ ತೆರೆಯಬಾರದು ಎಂಬುದನ್ನು ವಕೀಲರು ಹೇಳಿದ ಅದೇ ಕಾಗದದಲ್ಲಿ ಬರೆಸಿಬಿಡಿರಿ.